ಇಂಟರ್‌ವ್ಯೂ ಆತು, ಮುಂದ?

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇಂಟರ್‌ವ್ಯೂಗೆ ಹುಡುಗ-ಹುಡುಗಿಯರನ್ನು ತಯಾರು ಮಾಡೋರು ಬೇಕಾದಷ್ಟು ಮಂದಿ ಇದ್ದಾರೆ. ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸೆಲ್ ಇದೆ. ಹುಬ್ಬಳ್ಳಿಯ ದೇಶಪಾಂಡೆ ಸ್ಕಿಲ್ಲಿಂಗ್‌ನಂಥ ಕಡೆ ಹಳ್ಳಿಯಿಂದ ಬಂದ ಪದವೀಧರರಿಗೆ ನಿಲ್ಲೋದು, ಕೂಡೋದು, ಮಾತಾಡೋದು ಎಲ್ಲಾ ಕಲಿಸ್ತಾರೆ. ಬಯೋಡೇಟಾ ಎಷ್ಟು ಪುಟ ಇರಬೇಕು, ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಎಲ್ಲಿಂದ ಶುರು ಮಾಡಬೇಕು, ಪಗಾರ ಎಷ್ಟು ಕೇಳಬೇಕು, ಇದೆಲ್ಲಕ್ಕೂ ಹೇಳಿಕೊಡೋರು ಸಿಗ್ತಾರೆ. ಆದರೆ ಇಂಟರ್‌ವ್ಯೂ ಮುಗಿಸಿ, ಫೈಲು ಬಗಲಲ್ಲಿ ಹಿಡಿದು, ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬಂದ ಮೇಲೆ ಏನು ಮಾಡಬೇಕು? ಅದನ್ನು ಹೇಳಿಕೊಡೋರು ಯಾರೂ ಇಲ್ಲ. ಖರೇ ಕಷ್ಟ ಶುರುವಾಗೋದು ಅಲ್ಲಿಂದಲೇ.

ನಾನು ಗೋಕುಲ ರೋಡಿನ ಒಂದು ಕಾರ್ಖಾನೆಯ ಪರ್ಸೊನೆಲ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅದಕ್ಕೇ ನಮ್ಮ ಸಪ್ತಾಪುರದ ಓಣಿಯಲ್ಲಿ ನೌಕರಿ ಸುದ್ದಿ ಯಾರ ಮನೆಯದಿದ್ದರೂ ಅದು ನಮ್ಮ ಕಂಪೌಂಡ್ ಗೋಡೆಗೆ ಬಂದು ನಿಲ್ಲುತ್ತದೆ. ಈ ಸಲ ಬಂದದ್ದು ಬಾಜೂ ಮನೆ ವೈನಿಯ ಮಗಳದು. ಬಿ.ಕಾಂ. ಆಗಿದೆ, ಟ್ಯಾಲಿ ಕಲಿತಿದ್ದಾಳೆ. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಗೆ ಅಕೌಂಟ್ಸ್ ಅಸಿಸ್ಟಂಟ್ ಜಾಗಕ್ಕೆ ಹೋಗಿ ಬಂದಳು. ಚೆನ್ನಾಗಿ ಮಾತಾಡಿಸಿ, ಚಹಾ ಕೊಟ್ಟು, ತಿಳಿಸ್ತೀವಿ ಅಂತ ಕಳಿಸಿದ್ದಾರೆ.

“ಅಕ್ಕಾ, ವಾರದ ಮ್ಯಾಲೆ ಆತು, ಏನೂ ಸುದ್ದಿ ಇಲ್ಲ ನೋಡ್ರಿ. ಫೋನ್ ಕೈಯಾಗ ಹಿಡಕೊಂಡೇ ಕೂತಿರ್ತಾಳ. ಊಟಕ್ಕ ಕರದರೂ ಕಣ್ಣು ಅದರಾಗ.”

“ಆಕೀನ ಒಂದ್ ಸಲ ಕೇಳಬೇಕಲ್ಲ ವೈನಿ.”

“ಅಯ್ಯ, ನಾವಾಗೇ ಹೆಂಗ ಕೇಳೋದ್ರೀ? ಕನ್ಯಾ ನೋಡ್ಲಿಕ್ಕೆ ಬಂದವರು ತಿಳಸ್ತೀವಿ ಅಂತ ಹೋದ್ರ ನಾವು ಬೆನ್ನ ಹತ್ತಿ ಕೇಳ್ತೀವೇನು? ಗರಜು ಅದ ಅಂತ ತಿಳಕೋತಾರ, ಹಗರ ಆಗ್ತೀವಿ. ನಮ್ಮ ಮನಿಯವರ ಚುಲತ ಕಾಕಾನ ಅಳಿಯಾ ಅದೇ ಕಂಪನಿ ಸ್ಟೋರಿನಾಗ ಇದ್ದಾನ. ಅವನ ಕಡೆಯಿಂದ ಸಾಹೇಬ್ರಿಗೆ ಒಂದ್ ಮಾತ ಹೇಳ್ಸೋಣ ಅಂತಾರ ಇವರು.”

ವೈನಿ ಹೇಳಿದ್ದರಲ್ಲಿ ನಮ್ಮ ಕಡೆಯ ಎಲ್ಲ ಮನೆಗಳ ಮಾತೂ ಇದೆ. ನಮಗೆ ಗೊತ್ತಿರೋದು ಎರಡೇ ದಾರಿ. ಒಂದು, ಸುಮ್ಮನೆ ಬಾಯಿ ಮುಚ್ಚಿಕೊಂಡು ಕಾಯೋದು. ಇನ್ನೊಂದು, ವಶೀಲಿ. ಇವೆರಡರ ನಡುವೆ, ಇಂಟರ್‌ವ್ಯೂಗೆ ಹೋದ ಹುಡುಗಿ ತನ್ನ ಹೆಸರಿನಲ್ಲಿ ತಾನೇ ‘ನನ್ನ ವಿಷಯ ಏನಾಯಿತು’ ಅಂತ ಕೇಳಬಹುದಾದ ನೆಟ್ಟಗಿನ ಹಾದಿ ಒಂದಿದೆ ಅನ್ನೋದು ನೆನಪಿಗೇ ಬರೋದಿಲ್ಲ. ಕೇಳೋದು ಭಿಕ್ಷೆ ಅಲ್ಲ. ಅವರು ಜಾಗ ಖಾಲಿ ಇದೆ ಅಂತ ಕರೆದರು, ಈಕೆ ತನ್ನ ದುಡಿಮೆ ಇಂಥದ್ದು ಅಂತ ಮುಂದಿಟ್ಟಳು. ಬಸ್ ಖರ್ಚು ಈಕೆಯದು, ಹೊತ್ತು ಈಕೆಯದು. ಹೌದೋ ಅಲ್ಲವೋ ಅನ್ನೋ ಉತ್ತರ ಅವರು ಕೊಡಬೇಕಾದ ಬಾಕಿ.

ಆ ಬಾಕಿ ಯಾಕೆ ಉಳಿಯುತ್ತದೆ ಅಂತ ಒಳಗೆ ಕೂತು ನೋಡಿದವಳು ನಾನು. ಇಂಟರ್‌ವ್ಯೂ ಮುಗಿದ ಸಂಜೆ ಮೇಜಿನ ಮೇಲೆ ಹಾಳೆಗಳ ಕಟ್ಟು ಇರುತ್ತಿತ್ತು. ಒಬ್ಬೊಬ್ಬರ ಹೆಸರಿನ ಮುಂದೆ ಕೊಟ್ಟ ಅಂಕ, ಕೇಳಿದ ಪಗಾರ, ಯಾವಾಗಿನಿಂದ ಬರಬಲ್ಲರು ಅನ್ನೋದು, ಕೆಳಗೆ ಸಾಹೇಬರ ಕೈಬರಹದಲ್ಲಿ ಒಂದು ಸಾಲು. ಅದಕ್ಕೆ ಆಯಾ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರ ಸಹಿ ಬೇಕು. ಅವರು ಪುಣೆಗೋ ಬೆಂಗಳೂರಿಗೋ ಹೋಗಿದ್ದರೆ ಒಂದು ವಾರ ಹೋಯಿತು. ಸಹಿಯಾದ ಮೇಲೆ ಪಗಾರದ ಮಂಜೂರಿ. ಅದೂ ಆದ ಮೇಲೆ ಮೊದಲನೇ ನಂಬರಿನವರಿಗೆ ಆಫರ್ ಹೋಗುತ್ತದೆ. ಅವರು ಬೇರೆ ಕಡೆ ನೌಕರಿಯಲ್ಲಿದ್ದರೆ ನೋಟಿಸ್ ಪೀರಿಯಡ್ ಒಂದು ತಿಂಗಳಿಂದ ಮೂರು ತಿಂಗಳು. ಅಲ್ಲಿಯವರು ಪಗಾರ ಏರಿಸಿ ಅವರನ್ನು ಉಳಿಸಿಕೊಳ್ಳೋದೂ ಉಂಟು. ಅದು ಇತ್ಯರ್ಥ ಆಗೋವರೆಗೆ ಎರಡನೇ, ಮೂರನೇ ನಂಬರಿನವರಿಗೆ ಹೌದು ಅಂತಲೂ ಹೇಳೋ ಹಾಗಿಲ್ಲ, ಅಲ್ಲ ಅಂತಲೂ ಹೇಳೋ ಹಾಗಿಲ್ಲ. ಹೊರಗೆ ಕಾಯೋರಿಗೆ ಇದೇನೂ ಕಾಣೋದಿಲ್ಲ. ಮೌನ ಮಾತ್ರ ಕಾಣುತ್ತದೆ. ಮೌನ ಅಂದರೆ ‘ಇಲ್ಲ’ ಅಂತ ಅರ್ಥ ಮಾಡಿಕೊಂಡು ಮೂಲೆ ಹಿಡಿದು ಕೂತವರಲ್ಲಿ ಎಷ್ಟೋ ಮಂದಿಯ ಹಾಳೆ ನಮ್ಮ ಡ್ರಾವರಿನಲ್ಲಿ ಜೀವಂತ ಇರುತ್ತಿತ್ತು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಆ ಎರಡನೇ, ಮೂರನೇ ನಂಬರಿನವರಲ್ಲಿ ಯಾರು ತಾವಾಗಿ ಒಂದು ಪತ್ರ ಬರೆದು ಕೇಳುತ್ತಿದ್ದರೋ ಅವರ ಹಾಳೆ ಕಟ್ಟಿನಲ್ಲಿ ಮೇಲೆ ಬರುತ್ತಿತ್ತು. ಅದು ದಯೆಯಿಂದ ಅಲ್ಲ. ಇವರು ಇನ್ನೂ ಬೇರೆಲ್ಲೂ ಸೇರಿಲ್ಲ, ಕರೆದರೆ ಬರುತ್ತಾರೆ, ಬರೆದದ್ದು ನೆಟ್ಟಗಿದೆ ಅಂತ ನಮಗೆ ತಿಳಿಯುತ್ತಿತ್ತು. ಮೊದಲನೆಯವರು ಬರೋದಿಲ್ಲ ಅಂದ ದಿನ ಯಾರಿಗೆ ಮೊದಲು ಫೋನ್ ಹೋಗುತ್ತದೆ, ಹೇಳಿ?

“ಹಂಗಂದ್ರ ಏನ ಬರೀಬೇಕಂತೀರಿ?” ಅಂದರು ವೈನಿ. ಮಗಳನ್ನೂ ಕರೆದರು. ಆಕೆ ಆಗಲೇ ಮೊಬೈಲಿನಲ್ಲಿ ಒಂದು ಮೇಲ್ ಬರೆದಿಟ್ಟು, ಕಳಿಸೋದಕ್ಕೆ ಧೈರ್ಯ ಸಾಲದೆ ಇಟ್ಟುಕೊಂಡಿದ್ದಳು. ಗೋಡೆ ಮೇಲಿಂದ ಫೋನ್ ಇಸಕೊಂಡು ಓದಿದೆ. ನಮ್ಮ ಮನೆ ಪರಿಸ್ಥಿತಿ ಹೀಗೀಗಿದೆ, ಅಪ್ಪ ನಿವೃತ್ತಿಗೆ ಬಂದಿದ್ದಾರೆ, ದಯವಿಟ್ಟು ಈ ನೌಕರಿ ನನಗೇ ಕೊಡಬೇಕು ಅಂತ ಉದ್ದಕ್ಕೆ ಬರೆದಿದ್ದಳು. ಯಾವ ಜಾಗಕ್ಕೆ ಬಂದಿದ್ದೆ, ಯಾವ ದಿನ ಬಂದಿದ್ದೆ ಅನ್ನೋದೇ ಅದರಲ್ಲಿ ಇರಲಿಲ್ಲ. ಪಾಪ, ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದಿದ್ದಾಳೆ. ಆದರೆ ಆ ಮೇಲ್ ಓದೋರ ಮೇಜಿನ ಮೇಲೆ ಅದೇ ವಾರ ನಾಲ್ಕು ಥರದ ಜಾಗಗಳಿಗೆ ಬಂದವರ ಫೈಲು ಇರುತ್ತವೆ. ಈಕೆ ಯಾರು ಅಂತ ಅವರು ಹುಡುಕಬೇಕಾದರೆ ಅದು ಮುಂದೆ ಹೋಗೋದೇ ಇಲ್ಲ.

ಅಲ್ಲೇ ಕೂತು ತಿದ್ದಿದೆವು. ಮೇಲಿನ ವಿಷಯದ ಸಾಲಿನಲ್ಲೇ ಜಾಗದ ಹೆಸರು, ಇಂಟರ್‌ವ್ಯೂ ಆದ ತಾರೀಖು, ತನ್ನ ಪೂರ್ತಿ ಹೆಸರು. ಒಳಗೆ ಇಷ್ಟೇ: ಆ ದಿನ ಭೇಟಿಗೆ ಹೊತ್ತು ಕೊಟ್ಟಿದ್ದಕ್ಕೆ ಧನ್ಯವಾದ. ನಿಮ್ಮಲ್ಲಿ ಮಾರಾಟದ ಬಿಲ್ಲುಗಳನ್ನು ಟ್ಯಾಲಿಗೆ ಏರಿಸೋ ಕೆಲಸದ ಬಗ್ಗೆ ಮಾತಾಡಿದೆವು, ಅದನ್ನು ನಾನು ಮಾಡಬಲ್ಲೆ, ಮಾಡೋ ಮನಸ್ಸೂ ಇದೆ. ಆಯ್ಕೆ ಯಾವ ಹಂತದಲ್ಲಿದೆ, ಯಾವಾಗ ತಿಳಿಯಬಹುದು ಅಂತ ಹೇಳಿದರೆ ಉಪಕಾರವಾಗುತ್ತದೆ. ಬೇಕಾದ ಕಾಗದಪತ್ರ ಇದ್ದರೆ ತಿಳಿಸಿ. ಕೆಳಗೆ ಹೆಸರು, ಫೋನ್ ನಂಬರು. ಇಂಗ್ಲಿಷಿನಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ಇದಕ್ಕಿಂತ ಹೆಚ್ಚು ಬೇಡ. ಓದೋದಕ್ಕೆ ಅರ್ಧ ನಿಮಿಷ ಸಾಕಾಗಬೇಕು.

ಖರೇ ಹೇಳಬೇಕಂದರೆ ಕೇಳೋ ಕೆಲಸ ಇಂಟರ್‌ವ್ಯೂ ಕೋಣೆಯಲ್ಲೇ ಶುರುವಾಗಬೇಕು. ಎದ್ದು ಬರೋ ಮುಂಚೆ, ‘ಸರ್, ಎಷ್ಟು ದಿನದೊಳಗೆ ತಿಳಿಯುತ್ತದೆ? ನಾನು ಯಾರನ್ನು ಕೇಳಬೇಕು?’ ಅಂತ ಎರಡು ಮಾತು ಕೇಳಿದರೆ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ. ಅವರು ಹದಿನೈದು ದಿನ ಅಂದರೆ, ಐದನೇ ದಿನಕ್ಕೆ ಫೋನ್ ನೋಡಿ ಅಳೋದು ತಪ್ಪುತ್ತದೆ. ಹದಿನಾರನೇ ದಿನ ಕೇಳೋದಕ್ಕೆ ಹಕ್ಕೂ ಬರುತ್ತದೆ. ಮನೆಗೆ ಬಂದ ಮರುದಿನ ಒಂದು ಧನ್ಯವಾದದ ಮೇಲ್, ಅವರು ಹೇಳಿದ ದಿನ ದಾಟಿದ ಮೇಲೆ ಒಂದು ವಿಚಾರಣೆ, ಅದಕ್ಕೂ ಉತ್ತರ ಇಲ್ಲ ಅಂದರೆ ಒಂದು ವಾರ ಬಿಟ್ಟು ಒಂದೇ ಒಂದು ಫೋನ್. ಫೋನ್ ಮಾಡೋದಿದ್ದರೆ ಕಾರ್ಖಾನೆ ಶುರುವಾಗೋ ಹೊತ್ತಿಗೂ ಬೇಡ, ಊಟದ ಹೊತ್ತಿಗೂ ಬೇಡ. ಹನ್ನೊಂದು ಗಂಟೆ ಮೇಲೆ, ಇಲ್ಲಾ ಮಧ್ಯಾಹ್ನ ಮೂರೂವರೆ ಮೇಲೆ. ವಾಟ್ಸ್‌ಆ್ಯಪ್ ನಂಬರು ಕೈಗೆ ಸಿಕ್ಕಿತು ಅಂತ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸೋದು ಮಾತ್ರ ಖಂಡಿತ ಬೇಡ. ಹಾಗೆ ಕಳಿಸಿ ಬ್ಲಾಕ್ ಆದವರನ್ನು ನಾನು ಕಂಡಿದ್ದೇನೆ.

ವಶೀಲಿ ವಿಷಯಕ್ಕೂ ಒಂದು ಮಾತು. ಸ್ಟೋರಿನಲ್ಲಿರೋ ಆ ಅಳಿಯನನ್ನು ಬೈಯೋ ಕಾರಣ ಇಲ್ಲ. ‘ಆ ಜಾಗ ಇನ್ನೂ ಖಾಲಿ ಇದೆಯೋ, ತುಂಬಿತೋ’ ಅಂತ ಅವನನ್ನು ಕೇಳಿದರೆ ಅದರಲ್ಲಿ ತಪ್ಪೇನಿದೆ? ಆದರೆ ಅವನು ಸಾಹೇಬರ ಮುಂದೆ ಹೋಗಿ ನಮ್ಮ ಹುಡುಗಿ, ನೋಡಿಕೊಳ್ಳಿ ಅಂದ ಕೂಡಲೇ ಆಕೆ ಕೊಟ್ಟ ಇಂಟರ್‌ವ್ಯೂ ಹಿಂದೆ ಸರಿದು ಅವನ ಮುಖ ಮುಂದೆ ಬರುತ್ತದೆ. ನಾಳೆ ಆಕೆಗೆ ಅಲ್ಲಿ ಕೆಲಸ ಸಿಕ್ಕರೂ ‘ಅವರ ಕಡೆಯಿಂದ ಬಂದವಳು’ ಅನ್ನೋ ಹೆಸರು ಹೋಗೋದಿಲ್ಲ. ನಾಲ್ಕು ಜನರ ಮುಂದೆ ಸರಿಯಾಗಿ ಉತ್ತರ ಹೇಳಿ ಬಂದ ಹುಡುಗಿಗೆ ನಾವೇ ಯಾಕೆ ಈ ಅನ್ಯಾಯ ಮಾಡಬೇಕು? ಇದನ್ನು ವೈನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಅದೂ ಖರೇನ ಅನ್ರಿ” ಅಂದರು.

ಇದೇ ಹುಬ್ಬಳ್ಳಿಯ ಹುಡುಗಿ ಒಬ್ಬಳು ಕೈಯಲ್ಲಿ ಯಾವ ವಶೀಲಿಯೂ ಇಲ್ಲದೆ ಒಂದು ದೊಡ್ಡ ಕಂಪನಿಯನ್ನೇ ಪ್ರಶ್ನೆ ಕೇಳಿದ್ದು ನಮ್ಮ ಊರಿಗೆಲ್ಲ ಗೊತ್ತಿರೋ ಸಂಗತಿ. ಸುಧಾ ಮೂರ್ತಿಯವರು ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದಿನ ಓದು ಮುಗಿಸೋ ಹೊತ್ತು, 1974. ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕೋದು ಬೇಡ ಅಂತಿತ್ತು. ಅವರು ಸಿಟ್ಟು ಬಂದು ಸುಮ್ಮನೆ ಕೂಡಲಿಲ್ಲ. ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಪುಣೆಗೆ ಇಂಟರ್‌ವ್ಯೂಗೆ ಬನ್ನಿ ಅಂತ ತಂತಿ ಬಂತು, ಕೆಲಸವೂ ಸಿಕ್ಕಿತು. ಈ ಕಥೆಯನ್ನು ಎಲ್ಲರೂ ಧೈರ್ಯದ ಕಥೆ ಅಂತ ಹೇಳ್ತಾರೆ, ಅದು ಹೌದು. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಇನ್ನೊಂದು. ಒಂದು ಕಾರ್ಡಿನಲ್ಲಿ ಹಿಡಿಯೋ ಅಷ್ಟೇ ಮಾತು, ಉತ್ತರ ಕೊಡಬಲ್ಲವರ ವಿಳಾಸಕ್ಕೆ, ತನ್ನ ಹೆಸರಿನಲ್ಲಿ.

ಇದೆಲ್ಲ ಖಾಸಗಿ ಕಂಪನಿಗಳ ಮಾತಾಯಿತು. ಸರಕಾರಿ ನೌಕರಿಯ ಕಾಯುವಿಕೆ ಬೇರೆಯೇ. ಅದು ಗೊತ್ತಿಲ್ಲದ ಮನೆ ಧಾರವಾಡದಲ್ಲಿ ಇಲ್ಲ. ನಮ್ಮ ಸಪ್ತಾಪುರ, ಶ್ರೀನಗರದ ಕಡೆ ಒಂದು ಸುತ್ತು ಹಾಕಿ ಬನ್ನಿ. ಮನೆ ಮಾಳಿಗೆ ಮೇಲೆಲ್ಲ ಬಾಡಿಗೆ ಹುಡುಗರು, ಕೆಳಗೆ ಕೋಚಿಂಗ್ ಬೋರ್ಡು, ನಡುವೆ ರೀಡಿಂಗ್ ರೂಮು. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದಿಂದ ಬಂದ ಮಕ್ಕಳು ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಅಂತ ಓದುತ್ತಾ ಕೂತಿರ್ತಾರೆ. ಬೆಳಿಗ್ಗೆ ರೊಟ್ಟಿ ಊಟದ ಡಬ್ಬಿ ಹಿಡಿದು ಹೋದರೆ ರಾತ್ರಿ ಹತ್ತಕ್ಕೆ ವಾಪಸು. ಇವರಿಗೆ ‘ಒಂದು ಮೇಲ್ ಹಾಕಿ ಕೇಳಪ್ಪಾ’ ಅಂದರೆ ಯಾರಿಗೆ ಹಾಕಬೇಕು?

2011ನೇ ಸಾಲಿನ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿ ನೆನೆಸಿಕೊಳ್ಳಿ. 362 ಜಾಗ. 2013ರಲ್ಲಿ ಇಂಟರ್‌ವ್ಯೂ ನಡೆಯಿತು. ಅದರಲ್ಲಿ ದುಡ್ಡು ಕೇಳಿದರು ಅನ್ನೋ ದೂರು ಎದ್ದು, ಸಿಐಡಿ ತನಿಖೆಯಾಗಿ, 2014ರ ಆಗಸ್ಟಿನಲ್ಲಿ ಸರಕಾರ ಆ ಪಟ್ಟಿಯನ್ನೇ ಹಿಂದಕ್ಕೆ ತಗೊಂಡಿತು. ಆಮೇಲೆ ನ್ಯಾಯಮಂಡಳಿ, ಹೈಕೋರ್ಟು, ಸುಪ್ರೀಂ ಕೋರ್ಟು. ಕೊನೆಗೆ 2022ರಲ್ಲಿ ವಿಧಾನಮಂಡಲ ಒಂದು ಕಾಯ್ದೆಯನ್ನೇ ಮಾಡಿದ ಮೇಲೆ ಆಯ್ಕೆಯಾದವರಿಗೆ ಆರ್ಡರ್ ಕೈಗೆ ಬಂತು. ಇಂಟರ್‌ವ್ಯೂ ಕೋಣೆಯಿಂದ ಹೊರಗೆ ಬಂದವರು ಉತ್ತರಕ್ಕೆ ಸುಮಾರು ಒಂಬತ್ತು ವರ್ಷ ಕಾಯ್ದರು. ತಪ್ಪು ಮಾಡಿದವರು ಯಾರೋ, ಮಾಡದವರು ಎಷ್ಟೋ. ಆದರೆ ಆಯುಷ್ಯ ಎಲ್ಲರದೂ ಹೋಯಿತು. ಪಿ.ಎಸ್.ಐ. 545 ಜಾಗದ ಕಥೆಯೂ ನೋವಿನದೇ. 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ, 2022ರ ಜನವರಿಯಲ್ಲಿ ತಾತ್ಕಾಲಿಕ ಪಟ್ಟಿ, ಅಕ್ರಮ ಬಯಲಾಗಿ ಏಪ್ರಿಲ್‌ನಲ್ಲಿ ಪಟ್ಟಿ ರದ್ದು, 2024ರ ಜನವರಿ 23ಕ್ಕೆ ಮರುಪರೀಕ್ಷೆ. ಪಟ್ಟಿಯಲ್ಲಿ ಹೆಸರು ಬಂತು ಅಂತ ಊರಿಗೆಲ್ಲ ಪೇಢೆ ಹಂಚಿದ ತಂದೆ-ತಾಯಿ ಇದ್ದರು. ಪ್ರಾಮಾಣಿಕವಾಗಿ ಬರೆದು ಪಾಸಾದ ಮಕ್ಕಳು ಮತ್ತೆ ಅದೇ ಪುಸ್ತಕ ಹಿಡಿದು ಕೂತದ್ದನ್ನು ನಾವು ನಮ್ಮ ಮಾಳಿಗೆಗಳ ಮೇಲೆ ನೋಡಿದೆವು.

ಇಂಟರ್‌ವ್ಯೂದಲ್ಲೇ ಕೈಚಳಕ ನಡೆಯುತ್ತದೆ ಅನ್ನೋ ಸಂಶಯಕ್ಕೇ ಕೇಂದ್ರ ಸರಕಾರ 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದುಹಾಕಿತು. ಅದು ಒಳ್ಳೆಯದೇ ಆಯಿತು. ಆದರೆ ಕಾಯೋದು ಕಡಿಮೆಯಾಗಲಿಲ್ಲ. ಇಲ್ಲಿ ಕೇಳೋದಕ್ಕೆ ಇರೋ ನೆಟ್ಟಗಿನ ದಾರಿ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ ಇರಬೇಕು, 150 ಶಬ್ದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ನನ್ನ ಅಂಕ ಎಷ್ಟು, ಆಯ್ಕೆ ಪಟ್ಟಿ ಯಾವ ಹಂತದಲ್ಲಿದೆ, ಕಡತ ಯಾರ ಹತ್ತಿರ ಇದೆ ಅಂತ ಗುರುತಿಟ್ಟು ಕೇಳಬೇಕು. ಯಾಕೆ ತಡ ಮಾಡಿದ್ದೀರಿ ಅಂತ ಜಗಳ ತೆಗೆದರೆ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಅಂತ ಅರ್ಜಿ ಬದಿಗೆ ಸರಿಯುತ್ತದೆ. ಮಾಳಿಗೆ ಮೇಲಿನ ಹುಡುಗರಿಗೆ ನಾನು ಇದನ್ನು ಹೇಳ್ತಾನೇ ಇರ್ತೇನೆ. ‘ಕಾಕೂ, ಕೇಳಿದ್ರ ನಮ್ಮ ಮ್ಯಾಲೆ ಸಿಟ್ಟಾಗೂದಿಲ್ಲೇನ್ರೀ?’ ಅಂತ ಅಂಜ್ತಾರೆ. ಕಾಯ್ದೆ ಬಂದು ಇಷ್ಟು ವರ್ಷ ಆದ ಮೇಲೂ ಕೇಳೋ ಮಕ್ಕಳಿಗೆ ಅಂಜಿಕೆ ಇದೆ ಅಂದರೆ ಅದು ನನ್ನ ಮನಸ್ಸಿಗೆ ಬಹಳ ಹತ್ತುತ್ತದೆ.

ಈ ಊರು ನೌಕರಿಗೆ ಕಾಯೋರನ್ನು ಇಂದು ನಿನ್ನೆ ಕಂಡದ್ದಲ್ಲ. ಸಾಧನಕೇರಿಯ ಬೇಂದ್ರೆಯವರು ‘ನರಬಲಿ’ ಕವಿತೆಗಾಗಿ ಜೈಲು ಕಂಡು, ಮುಗದದಲ್ಲಿ ನಜರಬಂದಿಯಲ್ಲಿದ್ದು ಬಂದ ಮೇಲೆ ಎಷ್ಟೋ ವರ್ಷ ಕಾಯಂ ನೌಕರಿ ಇಲ್ಲದೆ ಸಂಸಾರ ಸಾಗಿಸಿದರು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕೆಲಸ ಸಿಕ್ಕು ಊರು ಬಿಟ್ಟರು. ಅಂಥವರಿಗೇ ಹಾಗಾದ ಊರಿನಲ್ಲಿ, ಮನೆಯಲ್ಲಿ ಕೂತ ಹುಡುಗನನ್ನು ಕೈಲಾಗದವನು ಅಂತ ಅನ್ನೋರನ್ನು ಕಂಡರೆ ನನಗೆ ತಡೆಯೋದಿಲ್ಲ. ಅದರಲ್ಲೂ ಮದುವೆ ಮುಂಜಿಗೆ ಹೋದಾಗ ‘ಏನಾತೋ ತಮ್ಮಾ ಇಂಟರ್‌ವ್ಯೂ, ಆರ್ಡರ್ ಬಂತೇನು?’ ಅಂತ ನಾಲ್ಕು ಜನರ ನಡುವೆ ಕೇಳೋದನ್ನು ನಾವು ದೊಡ್ಡವರು ಬಿಡಬೇಕು. ಬಂದಿದ್ದರೆ ಅವರೇ ಹೇಳ್ತಾರೆ.

ಇನ್ನು ಐಟಿ ಕಂಪನಿಗಳಲ್ಲಿ ಇಂಟರ್‌ವ್ಯೂ ಆಗಿ, ಆಫರ್ ಲೆಟರ್ ಕೈಗೆ ಬಂದ ಮೇಲೂ ಕಾಯ್ದವರಿದ್ದಾರೆ. 2022ರ ಬ್ಯಾಚಿನ ಎಂಜಿನಿಯರಿಂಗ್ ಪದವೀಧರರಲ್ಲಿ ಇನ್ಫೋಸಿಸ್ ಆಫರ್ ಪಡೆದ ಎಷ್ಟೋ ಮಂದಿಗೆ ಸೇರೋ ದಿನ ಬಂದದ್ದು 2024ರ ಅಕ್ಟೋಬರಿನಲ್ಲಿ. ಅದೂ ಪುಣೆಯ ಐಟಿ ನೌಕರರ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟು, ವಿಷಯ ಪತ್ರಿಕೆಗಳಲ್ಲಿ ಬಂದ ನಂತರ. ಒಬ್ಬೊಬ್ಬರೇ ಮೇಲ್ ಹಾಕಿ ಹಾಕಿ ಬೇಸತ್ತಿದ್ದರು. ಒಬ್ಬರೇ ಕೇಳಿದರೆ ಆಗದ್ದು ಕೂಡಿ ಕೇಳಿದಾಗ ಆಯಿತು ಅನ್ನೋದನ್ನು ನಮ್ಮ ಮಕ್ಕಳು ನೆನಪಿಡಬೇಕು. ಇಂಥ ಕಡೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯನ್ನೂ ಬಿಡಬಾರದು. ಕಂಪನಿಯವರು ಮುಂದಿನ ವರ್ಷವೂ ಕ್ಯಾಂಪಸ್ಸಿಗೆ ಬರಬೇಕಲ್ಲ, ಆ ಅಧಿಕಾರಿಯ ಫೋನ್ ಎತ್ತುತ್ತಾರೆ.

ಉತ್ತರ ಕೊಡೋರ ಕಡೆಗೂ ನನ್ನ ತಕರಾರು ಇದೆ. ನಮ್ಮ ದೇಶದಲ್ಲಿ ಇಂಟರ್‌ವ್ಯೂಗೆ ಕರೆದವರಿಗೆ ಫಲಿತಾಂಶ ಹೇಳಲೇಬೇಕು ಅಂತ ಖಾಸಗಿ ಕಂಪನಿಗಳನ್ನು ಕಟ್ಟಿಹಾಕೋ ಕಾಯ್ದೆ ಇಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದವರು ಮಾಡಿದ್ದಾರೆ. 2026ರ ಜನವರಿ 1ರಿಂದ, ಸಾರ್ವಜನಿಕ ಜಾಹೀರಾತು ಕೊಟ್ಟು ಇಂಟರ್‌ವ್ಯೂ ಮಾಡಿದ 25 ಅಥವಾ ಹೆಚ್ಚು ನೌಕರರಿರೋ ಸಂಸ್ಥೆ, ಕೊನೆಯ ಇಂಟರ್‌ವ್ಯೂ ಆಗಿ 45 ದಿನದೊಳಗೆ ತೀರ್ಮಾನ ಆಯಿತೋ ಇಲ್ಲವೋ ಅಂತ ಅಭ್ಯರ್ಥಿಗೆ ತಿಳಿಸಬೇಕು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು? ಕಾಯ್ದೆ ಬರೋವರೆಗೆ ಕಾಯೋದೂ ಬೇಡ. ತಾರಿಹಾಳ, ಗೋಕುಲ ರೋಡು, ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಜಾಗಕ್ಕೆ ಹತ್ತು ಹದಿನೈದು ಮಂದಿಯನ್ನು ಕರೆಯುತ್ತಾರೆ. ಅಷ್ಟು ಮಂದಿಗೆ ‘ಈ ಸಲ ಆಗಲಿಲ್ಲ, ಬಂದದ್ದಕ್ಕೆ ಧನ್ಯವಾದ’ ಅಂತ ಮೆಸೇಜು ಕಳಿಸೋದಕ್ಕೆ ಒಬ್ಬ ಕ್ಲಾರ್ಕಿಗೆ ಎಷ್ಟು ಹೊತ್ತು ಬೇಕು? ಹಿಂದೆ ನಾವು ಅಂಚೆ ಚೀಟಿ ಹಚ್ಚಿ ಕಾರ್ಡು ಹಾಕುತ್ತಿದ್ದೆವು, ಅದಕ್ಕೆ ಖರ್ಚಿತ್ತು. ಈಗ ಖರ್ಚೂ ಇಲ್ಲ.

ಉತ್ತರ ಬರದೆ ಇದ್ದಾಗ ಆಗೋ ಇನ್ನೊಂದು ಅಪಾಯ ಅಂದರೆ, ಆ ಖಾಲಿ ಜಾಗಕ್ಕೆ ಬೇರೆ ಯಾರೋ ಬಂದು ಉತ್ತರ ಕೊಡ್ತಾರೆ. ‘ನೀವು ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪಿಗೆ ಡಿಪಾಸಿಟ್ ಕಟ್ಟಿ, ಯೂನಿಫಾರ್ಮಿಗೆ ಇಷ್ಟು, ಟ್ರೇನಿಂಗಿಗೆ ಇಷ್ಟು’ ಅಂತ ಫೋನ್ ಬರುತ್ತದೆ. ಕಾದು ಕಾದು ಸೋತ ಮಕ್ಕಳು ಕಟ್ಟಿಬಿಡ್ತಾರೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇರೋದರಿಂದ ‘ರೈಲ್ವೆದಾಗ ಹಚ್ಚಸ್ತೀನಿ’ ಅನ್ನೋರಿಗೆ ನಮ್ಮಲ್ಲಿ ಬರಗಾಲ ಇಲ್ಲ. ಸರಿಯಾದ ಯಾವ ಕಂಪನಿಯೂ, ಯಾವ ಸರಕಾರಿ ಇಲಾಖೆಯೂ ನೌಕರಿ ಕೊಡೋದಕ್ಕೆ ಫೋನಿನಲ್ಲಿ ದುಡ್ಡು ಕೇಳೋದಿಲ್ಲ. ಕೇಳಿದರೆ ಅಲ್ಲಿಗೇ ಫೋನ್ ಇಡಬೇಕು. ಕಂಪನಿಯ ಸ್ವಂತ ನಂಬರಿಗೆ ತಾವೇ ಮಾಡಿ ವಿಚಾರಿಸಬೇಕು. ಹಣ ಹೋಗೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ನಾಚಿಕೆಯಾಗಿ ಎರಡು ದಿನ ಮುಚ್ಚಿಟ್ಟರೆ ದುಡ್ಡು ಹಿಡಿಯೋದು ಕಷ್ಟ.

ವೈನಿ ಮಗಳು ತಿದ್ದಿದ ಮೇಲ್ ಅವತ್ತೇ ಕಳಿಸಿದಳು. ಉತ್ತರ ಬಂತು. ಜಾಗ ತುಂಬಿದೆ, ಅನುಭವ ಇದ್ದವರೊಬ್ಬರನ್ನು ತಗೊಂಡಿದ್ದೇವೆ ಅಂತ. ಆಕೆಗೆ ಬೇಸರವಾಯಿತು, ಆಗದೆ ಇರುತ್ತದೆಯೇ? ಅದಕ್ಕೂ ಒಂದು ಧನ್ಯವಾದ ಬರಿ ಅಂದೆ.

“ಇಲ್ಲ ಅಂದವರಿಗೂ ಥ್ಯಾಂಕ್ಸ್ ಹೇಳೋದೇನ್ರಿ ಅಕ್ಕಾ?” ಅಂದರು ವೈನಿ.

“ಹೇಳಬೇಕು ವೈನಿ. ಸೇರಿದವರು ಮೂರು ತಿಂಗಳಾಗ ಬಿಟ್ಟು ಹೋಗೋದು ನಾ ಎಷ್ಟು ಕಂಡೇನಿ. ಆವಾಗ ಮತ್ತ ಅದೇ ಫೈಲ್ ತಗೀತಾರ. ಮತ್ತ ನನ್ನಾಗ ಏನ ಕಡಿಮಿ ಬಿತ್ತು ಅಂತನೂ ಕೇಳಲಿ.”

ಕೇಳಿದಳು. ಎರಡು ದಿನದ ಮೇಲೆ ಅಕೌಂಟ್ಸ್ ಮ್ಯಾನೇಜರೇ ಫೋನ್ ಮಾಡಿದರು. ಟ್ಯಾಲಿ ಚೆನ್ನಾಗಿದೆ, ಆದರೆ ಜಿಎಸ್‌ಟಿ ರಿಟರ್ನ್ ಕೈಯಾರೆ ಫೈಲ್ ಮಾಡಿ ಗೊತ್ತಿಲ್ಲ, ನಮಗೆ ಅದೇ ಬೇಕಿತ್ತು, ಅದನ್ನು ಕಲಿತರೆ ಮತ್ತೆ ಅರ್ಜಿ ಹಾಕಿ ಅಂದರು. ಈಗ ಆಕೆ ಹುಬ್ಬಳ್ಳಿಯ ಒಬ್ಬ ಆಡಿಟರ ಆಫೀಸಿಗೆ ಹೋಗ್ತಾಳೆ. ಪಗಾರ ಕಡಿಮೆ, ಕೆಲಸ ಬಹಳ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಅಂತ ಆ ದಿನಗಳಲ್ಲಿ ಬರೋದು ತಡವಾಗುತ್ತದೆ. ಇನ್ನೆರಡು ಕಂಪನಿಗಳಿಗೆ ಅರ್ಜಿ ಹಾಕಿದ್ದಾಳೆ. ಒಂದರ ಇಂಟರ್‌ವ್ಯೂ ಬರೋ ಗುರುವಾರ ಇದೆ. ಎದ್ದು ಬರೋ ಮುಂಚೆ ಯಾವಾಗ ತಿಳಿಸ್ತೀರಿ, ಯಾರನ್ನು ಕೇಳಬೇಕು ಅಂತ ಕೇಳಿಯೇ ಬರ್ತೇನೆ ಅಂದಿದ್ದಾಳೆ.